ಮೆಟ್ಟಿದರೆ ನೀರು

ನನ್ನ ಕೈಗೆ ನೋವೇ ಆಗುವುದಿಲ್ಲ ಎಂದು ಎರಡು ಮೂರು ವರ್ಷ ಜಂಬ ಕೊಚ್ಚಿಕೊಂಡವಳು ನಾನು. ಅಂಕೋಲೆಯ ಮೀನುಪೇಟೆಯಲ್ಲಿ ನನ್ನ ಅಕ್ಕಪಕ್ಕ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದವರನ್ನು ಕೇಳಿದರೆ ಇವತ್ತೂ ಹೇಳುತ್ತಾರೆ. ಏಡಿಯ ಬುಟ್ಟಿಗೆ ಅವರೆಲ್ಲ ಹಿಂದೆ ಮುಂದೆ ನೋಡಿ ಕೈ ಹಾಕಿದರೆ ನಾನು ಅಕ್ಕಿಡಬ್ಬಿಗೆ ಹಾಕಿದ ಹಾಗೆ ಹಾಕುತ್ತಿದ್ದೆ. ಒಮ್ಮೆ ಒಂದು ಏಡಿ ನನ್ನ ಕಿರುಬೆರಳು ಕಚ್ಚಿಕೊಂಡು ನೇತಾಡುತ್ತಿತ್ತು, ನಾನು ಇನ್ನೊಂದು ಕೈಯಲ್ಲಿ ಬಂಗಡೆ ಎಣಿಸುತ್ತಲೇ ಇದ್ದೆ. ಶೆಟಗೇರಿಯಿಂದ ವಾರಕ್ಕೆರಡು ಸಲ ಬರುವ ಶಾಲೆಯ ಅಕ್ಕೋರು ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

“ಮೋಹಿನೀ, ಬೆರಳು ನೋಡೇ. ಕೈಯಾ ಅದು, ಕಬ್ಣವಾ?”

“ಬರ್ಫದಲ್ಲಿ ಬಲ್ತ ಕೈ ಅಕ್ಕೋರೆ. ಏಡಿ ಕೊಂಬೇ ಮುರೀತದೆ, ನೋಡ್ತಾ ಇರಿ.”

ಸುತ್ತ ಕೂತವರು ನಕ್ಕರು. ನಾನೂ ನಕ್ಕೆ.

ಮೀನು ಮಾರುವ ಹೆಂಗಸರಿಗೆ ಕೈ ಜೋಮು ಹಿಡಿಯುವುದು ಹೊಸದಲ್ಲ. ಬೆಳಗಾಗುವ ಮೊದಲೇ ಕಾರವಾರದ ಬಂದರಿಗೆ ಹೋಗಿ, ಬರ್ಫದೊಳಗಿನ ಮೀನು ಆರಿಸಿ ತುಂಬಿಕೊಂಡು, ಟೆಂಪೋದಲ್ಲಿ ಅಂಕೋಲೆಗೆ ಬಂದು, ಮಧ್ಯಾಹ್ನದವರೆಗೆ ಮತ್ತೆ ಅದೇ ಬರ್ಫದಲ್ಲಿ ಕೈ ಆಡಿಸಿದರೆ ಬೆರಳು ಯಾರವೋ ಅನಿಸುತ್ತವೆ. ಮನೆಗೆ ಹೋಗಿ ಒಲೆಯ ಮುಂದೆ ಕೂತರೆ ತಿರುಗಿ ನಮ್ಮವಾಗುತ್ತವೆ. ನನ್ನವು ಮರಳಿ ಬರುವುದನ್ನು ಯಾವಾಗ ಬಿಟ್ಟವು ಎಂದು ನನಗೆ ಗೊತ್ತಿಲ್ಲ. ವರ್ಷ ಕಳೆದಂತೆ ಕೈ ಪಳಗುತ್ತದೆ, ನನ್ನದು ಉಳಿದವರಿಗಿಂತ ಚೆನ್ನಾಗಿ ಪಳಗಿದೆ ಎಂದುಕೊಂಡಿದ್ದೆ. ಮೊಣಕೈ ಕೆಳಗೆ ಬೆಳ್ಳಗಿನ ಒಂದು ಕಲೆ ಎದ್ದಿತ್ತು. ಅದನ್ನು ಚಿಬ್ಬು ಎಂದುಕೊಂಡೆ.

ಒಂದು ಮಧ್ಯಾಹ್ನ ಕುದಿಯುವ ಗಂಜಿಯ ಪಾತ್ರೆಯನ್ನು ಬರಿಗೈಯಲ್ಲಿ ಒಲೆಯಿಂದ ಇಳಿಸಿದೆ. ಜಗುಲಿಯಲ್ಲಿ ಕೂತಿದ್ದ ನನ್ನ ಗಂಡ ಒಳಗೆ ಇಣುಕಿದರು. ಗಂಡನ ಹೆಸರು ಹೇಳಬಾರದಂತೆ, ಬರೆಯಬಾರದೆಂದು ಯಾರೂ ಹೇಳಿಲ್ಲ: ವಿಠೋಬ. ಟ್ರಾಲರ್ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವವರು.

“ಎಂತದೋ ಸುಟ್ಟ ವಾಸ್ನೆ ಬತ್ತದೆ. ಕೆಂಡದ ಮೇಲೆ ಬಂಗ್ಡೆ ಇಟ್ಟಿದ್ಯಾ?”

ಬಂಗಡೆ ಇಟ್ಟಿರಲಿಲ್ಲ. ಅದು ನನ್ನ ಅಂಗೈ.

ಅಲ್ಲಿಂದ ವೈದ್ಯರ ಬಾಗಿಲು ತಿರುಗುವುದು ಶುರುವಾಯಿತು. ಒಬ್ಬರು ನರದ ನಿಶ್ಶಕ್ತಿ ಎಂದು ಕೆಂಪು ಮಾತ್ರೆ ಕೊಟ್ಟರು. ಇನ್ನೊಬ್ಬರು ಎಣ್ಣೆ ಕೊಟ್ಟರು. ಎಣ್ಣೆ ತಿಕ್ಕಿ ತಿಕ್ಕಿ ಕೈ ಮಿಂಚಿತು, ಕಿರುಬೆರಳು ಮತ್ತು ಅದರ ಪಕ್ಕದ್ದು ಮಾತ್ರ ಮೆಲ್ಲಗೆ ಒಳಕ್ಕೆ ಬಾಗತೊಡಗಿದವು. ಒಂದು ವರ್ಷ ಹೀಗೆಯೇ ಹೋಯಿತು. ಕೊನೆಗೆ ಅಂಕೋಲೆಯ ಸರಕಾರಿ ಆಸ್ಪತ್ರೆಯಲ್ಲಿ ಒಬ್ಬ ನರ್ಸು ನನ್ನ ಮೊಣಕೈ ಮುಟ್ಟಿ ನೋಡಿ ಕಾರವಾರಕ್ಕೆ ಚೀಟಿ ಬರೆಸಿಕೊಟ್ಟಳು.

ಕಾರವಾರದ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕಿನ್ನರ ಎಂಬ ಊರಿನ ಕಡೆಯ ಒಬ್ಬ ಹೆಂಗಸು ಕೂತಿದ್ದಳು. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಚಳಿಯ ದಿನವೇನೂ ಅಲ್ಲ. ನಾವು ಮೊದಲು ಮೀನಿನ ಮಾತಾಡಿದೆವು. ತಾರಲೆ ಈ ಸಲ ಬರಲೇ ಇಲ್ಲ, ಶೆಟ್ಲಿಯ ಬೆಲೆ ಮುಟ್ಟುವ ಹಾಗಿಲ್ಲ ಎಂದೆಲ್ಲ. ನನ್ನ ಹೆಸರು ಕರೆಯುವ ಹೊತ್ತಿಗೆ ಅವಳು ದನಿ ತಗ್ಗಿಸಿ, ನಮ್ಮ ಕಡೆ ಹೆಂಗಸರನ್ನು ಕರೆಯುವ ಹಾಗೆ ಬಾಯಿ ಎಂದು ಕರೆದು ಹೇಳಿದಳು.

“ಮಾತ್ರೆ ಸುರು ಮಾಡ್ದ ದಿನ ಉಚ್ಚೆ ಕೆಂಪಗೆ ಹೋತದೆ ಬಾಯಿ. ನಾ ರಕ್ತ ಅಂದ್ಕಂಡು ಸಾಯುಕೇ ಹೋಗಿದ್ದೆ. ರಕ್ತ ಅಲ್ಲ ಅದು. ಹೆದ್ರಬೇಡ.”

ಯಾವ ಮಾತ್ರೆ, ಯಾತಕ್ಕೆ ಎಂದು ನನಗೆ ಅರ್ಥವಾಗಲಿಲ್ಲ. ಒಳಗೆ ಹೋದೆ.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹೆಂಗಸು. ಕಣ್ಣು ಮುಚ್ಚಿಕೊಳ್ಳಿ, ಪೆನ್ನಿನ ತುದಿ ಮುಟ್ಟಿಸುತ್ತೇನೆ, ಮುಟ್ಟಿದಾಗ ಹೂಂ ಎನ್ನಿ ಎಂದರು. ಕಣ್ಣು ಮುಚ್ಚಿದೆ. ಎಡಗೈಗೆ ನಾಲ್ಕೈದು ಸಲ ಹೂಂ ಎಂದೆ. ಆಮೇಲೆ ಸದ್ದಿಲ್ಲ. ಹೊರಗೆ ಯಾರೋ ಕೆಮ್ಮಿದರು, ಮೇಲೆ ಫ್ಯಾನು ಕಿರಿಕಿರಿ ಎನ್ನುತ್ತಿತ್ತು. ಡಾಕ್ಟರಿಗೆ ಫೋನು ಬಂದಿರಬೇಕು, ಆಚೆ ಹೋಗಿದ್ದಾರೆ ಎಂದುಕೊಂಡು ಕಾದೆ. ಕಾದು ಬೇಸರವಾಗಿ ಕಣ್ಣು ತೆರೆದರೆ ಅವರು ಎದುರಿಗೇ ಇದ್ದರು. ಪೆನ್ನು ನನ್ನ ಬಲಗೈ ಮೇಲೆ ಓಡಾಡುತ್ತಿತ್ತು. ಅಂಗೈ ಅಂಚಿನುದ್ದಕ್ಕೂ ನೀಲಿ ಚುಕ್ಕೆಗಳು.

“ಇಷ್ಟು ಹೊತ್ತು ಮುಟ್ಟುತ್ತಲೇ ಇದ್ದೆ,” ಎಂದರು ಅವರು.

ಆಮೇಲೆ ಅವರು ಹೇಳಿದ ಹೆಸರನ್ನು ನಾನು ಚಿಕ್ಕಂದಿನಿಂದ ಬೈಗುಳವಾಗಿ ಮಾತ್ರ ಕೇಳಿದ್ದೆ. ಡಾಕ್ಟರು ಕುಷ್ಠ ಎಂದರು, ನಮ್ಮಲ್ಲಿ ಮಹಾರೋಗ ಎನ್ನುತ್ತಾರೆ. ಹನ್ನೆರಡು ತಿಂಗಳು ಮಾತ್ರೆ, ಪೂರ್ತಿ ಗುಣವಾಗುತ್ತದೆ, ಮಾತ್ರೆ ಶುರು ಮಾಡಿದ ಮೇಲೆ ನಿಮ್ಮಿಂದ ಯಾರಿಗೂ ಹರಡುವುದಿಲ್ಲ, ಬೇರೆ ತಟ್ಟೆ ಬೇರೆ ಹಾಸಿಗೆ ಏನೂ ಬೇಡ ಎಂದು ಅವರು ಒಂದೊಂದಾಗಿ ಹೇಳುತ್ತಿದ್ದರು. ನನ್ನ ಕಿವಿಯಲ್ಲಿ ಮೊದಲಿನ ಶಬ್ದವೇ ನಿಂತಿತ್ತು.

ಹೊರಗೆ ಕಾದಿದ್ದ ನನ್ನವರಿಗೆ ಹೇಳಿದೆ. “ಗುಣ ಆತದೆ ಹೇಳಿದ್ರಲಾ. ಮತ್ತೆಂತಾ,” ಎಂದು ನನ್ನ ಚೀಲ ತೆಗೆದುಕೊಂಡರು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಒತ್ತಿ ಕೂತರು. ಒಳ್ಳೆಯ ಮನುಷ್ಯ, ಅದರಲ್ಲಿ ಸುಳ್ಳಿಲ್ಲ. ಆದರೆ ಅಂಕೋಲೆ ಬರುವವರೆಗೆ ಅವರು ತಮ್ಮ ಮುಂಗೈಯನ್ನು ಚಿವುಟಿ ಚಿವುಟಿ ನೋಡಿಕೊಳ್ಳುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

“ಸದ್ಯ ಮನೇಲಿ ಯಾರಿಗೂ ಹೇಳುದು ಬೇಡ,” ಎಂದರು ಇಳಿಯುವಾಗ. ನಾನೂ ಒಪ್ಪಿದೆ. ಅದೇ ನಾವು ಮಾಡಿದ ದೊಡ್ಡ ತಪ್ಪು.

ನಮ್ಮದು ಕಡಲ ದಂಡೆಯ ಮೇಲೆ ಒಂದೇ ಅಂಗಳದ ಎರಡು ಮನೆ. ಒಂದರಲ್ಲಿ ನಾವಿಬ್ಬರು. ಇನ್ನೊಂದರಲ್ಲಿ ನನ್ನ ಮೈದುನನ ಸಂಸಾರ. ಅವನು ಗೋವೆಯ ಬೋಟಿನ ಮೇಲೆ ಇರುತ್ತಾನೆ, ತಿಂಗಳಿಗೊಮ್ಮೆ ಬಂದರೆ ಬಂದ. ಮನೆ ನಡೆಸುವವಳು ಅವನ ಹೆಂಡತಿ ಶೇವಂತಿ, ನನ್ನ ವಾರಗಿತ್ತಿ. ಎರಡೂ ಮನೆಯ ನಡುವೆ ಬಾವಿ, ಅದರ ಪಕ್ಕ ಗೂಡಿನ ಮೇಲೆ ನೀರಿನ ಕಪ್ಪು ಟಾಕಿ, ಟಾಕಿಯಿಂದ ಇಳಿದ ಪೈಪಿಗೆ ಒಂದು ನಳ, ನಳದ ಕೆಳಗೆ ಮೀನು ಕೊಯ್ದು ತೊಳೆದು ಮಾಡುವ ಕಲ್ಲು. ಬಟ್ಟೆ, ಪಾತ್ರೆ, ಮೀನು, ಕಾಲು ಮುಖ ಎಲ್ಲ ಅಲ್ಲೇ. ಇಪ್ಪತ್ತು ವರ್ಷ ನಾನೂ ಶೇವಂತಿಯೂ ಆ ಕಲ್ಲಿನ ಮೇಲೆ ಜಗಳವಾಡಿದ್ದೇವೆ, ಅಲ್ಲೇ ರಾಜಿಯಾಗಿದ್ದೇವೆ.

ಕಿನ್ನರದ ಬಾಯಿ ಹೇಳಿದ ಹಾಗೇ ಮೊದಲ ದಿನ ಕೆಂಪಗೆ ಹೋಯಿತು. ಅವಳು ಹೇಳಿರದಿದ್ದರೆ ನಾನು ಆ ದಿನ ಎಲ್ಲಿಗೆ ನಡೆದುಬಿಡುತ್ತಿದ್ದೆನೋ. ಮುಂದೆ ಮೈಬಣ್ಣ ಕಂದಿ ಕಪ್ಪಾಗತೊಡಗಿತು. ಬಿಸಿಲಿಗೆ ಎಂದು ಎಲ್ಲರಿಗೂ ಹೇಳಿದೆ. ಬಿಸಿಲಿಗೆ ಹಾಗೆ ಕಪ್ಪಾಗುವುದಿಲ್ಲ ಎಂದು ಕಡಲ ದಂಡೆಯವರಿಗೆ ಗೊತ್ತಿಲ್ಲವೇ.

ಎರಡನೆಯ ತಿಂಗಳು ಆರೋಗ್ಯ ಇಲಾಖೆಯ ಬಾಯಿ ಒಬ್ಬಳು ಮನೆಗೆ ಬಂದಳು. ಒಬ್ಬರಿಗೆ ಈ ರೋಗ ಬಂದರೆ ಒಂದೇ ಅಂಗಳದವರನ್ನೆಲ್ಲ ನೋಡಬೇಕಂತೆ, ಮೈಮೇಲೆ ಕಲೆ ಇದೆಯೋ ಎಂದು. ಶೇವಂತಿಯ ತೋಳು ಬೆನ್ನು ನೋಡಿ, ಏನೂ ಇಲ್ಲ ಎಂದು ಹೇಳಿ, ಮುನ್ನೆಚ್ಚರಿಕೆಗೆ ಒಂದು ಸಲದ ಮಾತ್ರೆ ಕೊಟ್ಟು ಹೋದಳು. ಅವಳು ಬೇಲಿಯ ದಣಪೆ ದಾಟಿದ ಮೇಲೆ ಶೇವಂತಿ ನನ್ನ ಕಡೆ ತಿರುಗಿದಳು.

“ಎಷ್ಟ್ ದಿನ ಆತು ನಿಂಗೆ ಗೊತ್ತಾಗಿ?”

“ಎರಡ್ ತಿಂಗಳು.”

“ಎರಡ್ ತಿಂಗಳು ನಾ ನಿನ್ ಸಂತಿಗೆ ಇದೇ ಕಲ್ಲಿನ ಮೇಲೆ ಕೂತೆ. ಒಂದ್ ಮಾತ್ ಹೇಳುಕಾಗ್ಲಿಲ್ಲ ಅಲಾ ಅಕ್ಕಾ. ನಯನಾ ಬಸ್ರಿ ಅಂತ ಗೊತ್ತಿತ್ತಲಾ ನಿಂಗೆ. ಬಾಳಂತನಕ್ಕೆ ಇಲ್ಲಿಗೇ ಬರೂದು ಅಂತ ಗೊತ್ತಿತ್ತಲಾ.”

ನಯನಾ ಅವಳ ಒಬ್ಬಳೇ ಮಗಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಬಹುದಿತ್ತು, ಹೇಳಿದೆ ಕೂಡ, ಆಮೇಲೆ. ಆದರೆ ಬಚ್ಚಿಟ್ಟವಳ ಬಾಯಿಂದ ಬಂದ ನಿಜಕ್ಕೆ ಯಾವ ಬೆಲೆ.

ಮರುದಿನ ನಳದ ಪಕ್ಕ ಒಂದು ಡಬ್ಬಿಯಲ್ಲಿ ಒಲೆಯ ಬೂದಿ ಬಂತು. ನಮ್ಮದು ಗುಂಡು ಹಿಡಿಕೆಯ ಹಳೆಯ ನಳ, ಗಟ್ಟಿಯಾಗಿ ತಿರುಪದಿದ್ದರೆ ತೊಟ್ಟಿಕ್ಕುತ್ತದೆ. ನಾನು ನಳ ಮುಟ್ಟಿ ಹೋದ ಮೇಲೆ ಶೇವಂತಿ ಹಿಡಿಕೆಗೆ ಬೂದಿ ಸವರುತ್ತಿದ್ದಳು. ನಾಲ್ಕು ದಿನ ಬಿಟ್ಟು ತೆಂಗಿನ ನಾರಿನ ಒಂದು ಉಂಡೆ ಬಂತು. ಬಿಸಿ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದ ಹಾಗೆ ನಾರಿನಲ್ಲಿ ನಳ ಹಿಡಿದು ತಿರುಪುತ್ತಿದ್ದಳು. ತಿರುಪಿ, ಉಂಡೆಯನ್ನು ತನ್ನ ಕಡೆಯ ಗೋಡೆಯ ಮೇಲೆ ಇಡುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಬೈಗುಳದಲ್ಲಿ ಮೀನುಪೇಟೆಯವಳನ್ನು ಗೆಲ್ಲುವವರುಂಟೇ. ಈ ಮೌನಕ್ಕೆ ನನ್ನ ಹತ್ತಿರ ಮದ್ದಿರಲಿಲ್ಲ.

ನಾನೂ ಸಾಧು ಅಲ್ಲ. ಒಂದು ದಿನ ಅವಳಿಲ್ಲದಾಗ ಆ ಉಂಡೆಯನ್ನು ತೆಗೆದು, ನನ್ನ ಮನೆಯ ಪಾತ್ರೆಯನ್ನೆಲ್ಲ ಅದರಲ್ಲೇ ತಿಕ್ಕಿ, ಒದ್ದೆಯಾಗಿಯೇ ಗೋಡೆಯ ಮೇಲೆ ಇಟ್ಟು ಬಂದೆ. ಸಂಜೆ ಅವಳು ಅದನ್ನು ಕೋಲಿನಲ್ಲಿ ಎತ್ತಿ ಗದ್ದೆಗೆ ಎಸೆದು ಹೊಸದು ಮಾಡಿಕೊಂಡಳು. ನಾನು ಬಾಗಿಲ ಮರೆಯಿಂದ ನೋಡಿದೆ. ಗೆದ್ದೆ ಎಂದುಕೊಂಡಿದ್ದವಳು ಒಳಗೆ ಹೋಗಿ ಅತ್ತುಬಿಟ್ಟೆ.

ಅದೇ ನಳದ ಹಿಡಿಕೆಯ ಅಂಚು ನನ್ನ ಹೆಬ್ಬೆರಳ ಬುಡವನ್ನು ಕೊರೆದಿತ್ತು. ನನಗೆ ತಿಳಿಯಲಿಲ್ಲ. ಕಾರವಾರದ ಡಾಕ್ಟರು ನೋಡಿ ಗದರಿದರು. ಬಿಗಿಯಾದ ನಳ ತಿರುಪಬೇಡಿ, ಕತ್ತಿ ಮುಟ್ಟಬೇಡಿ, ದಿನವೂ ಕೈ ಕಾಲು ನೋಡಿಕೊಳ್ಳಿ, ನಿಮಗೆ ನೋವು ಬಂದು ಹೇಳುವುದಿಲ್ಲ, ಕಣ್ಣೇ ಹೇಳಬೇಕು ಎಂದರು.

ಜೂನ್ ಬಂತು. ಮಳೆಗಾಲದ ಎರಡು ತಿಂಗಳು ಟ್ರಾಲರುಗಳು ಕಡಲಿಗೆ ಇಳಿಯುವುದಿಲ್ಲ. ನನ್ನವರು ಮನೆಯಲ್ಲೇ ಇದ್ದರು.

“ಡಾಕ್ಟ್ರು ನಳ ತಿರುಪುದು ಬೇಡ ಹೇಳಿದಾರೆ,” ಎಂದೆ. “ಕಾಲಲ್ಲಿ ಬಿಡುವಂಗೆ ಮಾಡುಕೆ ಬತ್ತದ್ಯಾ?”

ಅವರು ಬೂದಿಯ ಡಬ್ಬಿ ನೋಡಿದರು, ಗೋಡೆಯ ಮೇಲಿನ ನಾರಿನ ಉಂಡೆ ನೋಡಿದರು. “ಮಾಡ್ವಾ,” ಎಂದರು. ಡಾಕ್ಟರ ಮಾತು ಒಂದು ನೆಪ ಎಂದು ಅವರಿಗೂ ಗೊತ್ತು, ಅವರಿಗೆ ಗೊತ್ತು ಎಂದು ನನಗೂ ಗೊತ್ತು.

ಪೇಟೆಯಿಂದ ಉದ್ದ ಹಿಡಿಕೆಯ ಬಾಲ್ ವಾಲ್ವ್ ತಂದು ಹಳೆಯ ನಳದ ಜಾಗಕ್ಕೆ ಕೂರಿಸಿದರು. ಹಿಡಿಕೆ ಅಡ್ಡ ಇದ್ದರೆ ಮುಚ್ಚಿದೆ, ಕೆಳಕ್ಕೆ ಇಳಿದರೆ ತೆರೆದಿದೆ. ಹಿಡಿಕೆಯ ತುದಿಯಿಂದ ಬಲೆಯ ಹಗ್ಗ ಇಳಿಸಿ ಕೆಳಗೆ ಒಂದು ಹಲಗೆಗೆ ಕಟ್ಟುವುದು, ಹಲಗೆಯ ಇನ್ನೊಂದು ತುದಿ ಬಾಗಿಲಿಗೆ ಹಾಕುವ ಬಿಜಾಗರಿಯಲ್ಲಿ ನೆಲದ ಗೂಟಕ್ಕೆ. ಮೆಟ್ಟಿದರೆ ನೀರು. ಕಾಲು ತೆಗೆದರೆ ತಾನಾಗಿ ಮುಚ್ಚಲು ಹಿಡಿಕೆಗೆ ಇನ್ನೊಂದು ಹಗ್ಗ ಕಟ್ಟಿ, ಟಾಕಿಯ ಗೂಡಿನ ಮೇಲಿನ ರಾಟೆಯ ಮೇಲಿಂದ ಹಾಯಿಸಿ, ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ನೇತುಹಾಕುವುದು. ಹೇಳಲು ಇಷ್ಟೇ. ಮಾಡಲು ಹದಿನೈದು ದಿನ ಬೇಕಾಯಿತು.

ಮೊದಲ ಸಲ ಹಲಗೆ ನೆಲ ಮುಟ್ಟಿದರೂ ಹಿಡಿಕೆ ಅರ್ಧವೇ ಇಳಿಯಿತು, ನೈಲಾನ್ ಹಗ್ಗ ನೀರು ಕುಡಿದು ಸಡಿಲಾಗಿತ್ತು. ಹಗ್ಗ ಬಿಚ್ಚಿ ಸೈಕಲ್ಲಿನ ಬ್ರೇಕ್ ವಾಯರ್ ಹಾಕಿದರು. ಆಗ ಹಿಡಿಕೆ ಪೂರ್ತಿ ಇಳಿದು ನೆಟ್ಟಗೆ ನಿಂತುಬಿಟ್ಟಿತು, ಸೀಸ ಎಷ್ಟು ಏರಿಸಿದರೂ ಮೇಲೆ ಬರಲಿಲ್ಲ. ಟಾಕಿ ಖಾಲಿಯಾಗುವವರೆಗೆ ನೀರು ಸುರಿಯಿತು. ಮಳೆಯಲ್ಲಿ ಕೊಡೆ ಹಿಡಿದು ನಿಂತು ಇಬ್ಬರೂ ನೋಡಿದೆವು. “ಇಂಜಿನ್ ಆದ್ರೆ ಬೈದ್ರೆ ಕೇಳ್ತದೆ,” ಎಂದರು ನನ್ನವರು. ಆಮೇಲೆ ಹಿಡಿಕೆ ಮುಕ್ಕಾಲು ಇಳಿದಲ್ಲೇ ತಡೆಯುವಂತೆ ಗೋಡೆಗೆ ಒಂದು ಮರದ ತುಂಡು ಹೊಡೆದರು. ಸೀಸ ಎಳೆದು ಮುಚ್ಚಿತು. ಆ ತಿಂಗಳುಗಳಲ್ಲಿ ನಾವು ನಕ್ಕ ದಿನವಿದ್ದರೆ ಅದೊಂದೇ.

ಹಲಗೆ ಮಾತ್ರ ನಿಲ್ಲುತ್ತಿರಲಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಒಂದು ವಾರಕ್ಕೆ ಉಬ್ಬಿ ಸೀಳಿತು. ನೀರಿಗೆ ಜಗ್ಗದ ಮರ ಬೇಕು. ನಾನು ಒಳಗೆ ಹೋಗಿ ನನ್ನ ಮೆಟ್ಟುಗತ್ತಿ ತಂದೆ. ಬೇರೆ ಕಡೆ ಈಳಿಗೆಮಣೆ ಎನ್ನುವುದು ಇದನ್ನೇ, ಹಲಗೆಯ ಮೇಲೆ ಕಾಲಿಟ್ಟು ಮೆಟ್ಟಿ ಕೂತು ಮೀನು ಕೊಯ್ಯುವುದು. ಹಲಸಿನ ಮರದ್ದು, ಮದುವೆಯಾಗಿ ಬಂದ ವರ್ಷ ಅತ್ತೆ ಕೊಟ್ಟದ್ದು. ನನ್ನ ಬಲಗಾಲು ಕೂತು ಕೂತು ಅದರ ನಡುವೆ ಪಾದದಷ್ಟೇ ತಗ್ಗು ಬಿದ್ದಿತ್ತು.

“ಬೇಡ. ಮತ್ತೆ ಬೇಕಾತದೆ,” ಎಂದರು.

“ಯಾರಿಗೆ?” ಎಂದೆ.

ಅವರು ಕತ್ತಿ ಕೀಳಲು ನೋಡಿದರು. ಬುಡ ತುಕ್ಕು ಹಿಡಿದು ಮರದೊಳಗೆ ಬೆಸೆದುಹೋಗಿತ್ತು. ಕೊನೆಗೆ ಗರಗಸದಲ್ಲಿ ಮರದ ಮಟ್ಟಕ್ಕೆ ಕೊಯ್ದು, ಉಳಿದ ಬುಡವನ್ನು ಅರದಿಂದ ತಿಕ್ಕಿ ನುಣುಪು ಮಾಡಿದರು. ಬೆರಳಿಟ್ಟು ನೋಡಿದರು. ನಾನೂ ಬೆರಳಿಟ್ಟೆ, ನನ್ನ ಬೆರಳಿಗೆ ಏನು ಗೊತ್ತಾಗಬೇಕು.

ಹಲಗೆ ಕೂರಿಸಿದ ದಿನ ಶೇವಂತಿ ಬಂದು ನಿಂತು ನೋಡಿದಳು. ಅಂಜುತ್ತ ಒಮ್ಮೆ ಮೆಟ್ಟಿದಳು. ನೀರು ಬಂತು. ಕಾಲು ತೆಗೆದಳು. ನಿಂತಿತು.

“ಚೊಲೋ ಆತು ಅಕ್ಕಾ,” ಎಂದಳು. “ಕೈ ಗಲೀಜಿದ್ರೂ ಬಿಡುಕಾತದೆ.”

ತಿಂಗಳುಗಳ ನಂತರ ಅವಳು ನನಗೆ ಆಡಿದ ಮೊದಲ ನೆಟ್ಟಗಿನ ಮಾತು. ಮರುದಿನ ಬೂದಿಯ ಡಬ್ಬಿ ಇರಲಿಲ್ಲ, ನಾರಿನ ಉಂಡೆಯೂ ಇರಲಿಲ್ಲ. ಮಾತು ಬೆಳೆಯಿತು, ಮೀನಿನ ಸಾರು ಗೋಡೆ ದಾಟಿ ಬಂತು. ನಾನು ಸಂತೋಷಪಡಬೇಕಿತ್ತು. ಆದರೆ ಆ ಹಿಡಿಕೆಗೆ ಈಗ ಯಾರ ಕೈಯೂ ತಾಗುತ್ತಿರಲಿಲ್ಲ, ನಾನು ಮುಟ್ಟಿದ್ದನ್ನು ಅವಳು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ಅವಳ ಭಯ ಹೋಗಿದೆಯೋ ಅಡಗಿದೆಯೋ ತಿಳಿಯುವ ದಾರಿಯನ್ನೂ ನಾವೇ ಹದಿನೈದು ದಿನ ಕೂತು ಮುಚ್ಚಿದ್ದೆವು.

ನಯನಾ ಬಂದಳು, ಆಗಸ್ಟಿನಲ್ಲಿ ಹೆತ್ತಳು. ಹೆಣ್ಣು ಮಗು. ಎತ್ತಿಕೊಳ್ಳಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಎತ್ತಿಕೋ ಎಂದೂ ಯಾರೂ ಕೊಡಲಿಲ್ಲ. ನಾನು ಹೊಸ್ತಿಲ ಹೊರಗೆ ನಿಂತು, ಮೂಗು ಅಜ್ಜನದು ಎಂದು ಹೇಳಿ ಬಂದೆ.

ಬೋಟುಗಳು ಇಳಿದವು, ನನ್ನವರು ಕಡಲಿಗೆ ಹೋದರು. ನಾನೂ ಒಂದು ದಿನ ಧೈರ್ಯ ಮಾಡಿ ಪೇಟೆಯಲ್ಲಿ ಬುಟ್ಟಿ ಇಟ್ಟೆ. ಊರ ಬಾಯಿಗೆ ಮುಚ್ಚಳ ಎಲ್ಲಿದೆ. ಎಡಗಡೆಯವಳು ಬಿಸಿಲು ಎಂದು ಬುಟ್ಟಿ ಆಚೆ ಸರಿಸಿದಳು. ಬಲಗಡೆಯವಳು ನೆರಳು ಎಂದು ಸರಿಸಿದಳು. ಶೆಟಗೇರಿಯ ಅಕ್ಕೋರು ಬಂದರು, ನನ್ನ ಮುಖದ ಕಪ್ಪು ನೋಡಿದರು, ಸೆರಗಿನಲ್ಲಿ ಮುಚ್ಚಿಕೊಂಡ ಬಲಗೈ ನೋಡಿದರು. “ಇವತ್ತು ಬರೇ ನೋಡುಕೆ ಬಂದೆ ಮೋಹಿನೀ,” ಎಂದು ಮುಂದೆ ಹೋದರು. ಹೋಗಿ, ತಿರುಗಿ ಬಂದು, ಬೇಡದಿದ್ದರೂ ಹತ್ತು ಬಂಗಡೆ ಕಟ್ಟಿಸಿಕೊಂಡರು. ಅವರು ಒಳ್ಳೆಯವರು. ಆದರೆ ಆ ಹತ್ತು ಬಂಗಡೆ ಅವರ ಮನೆಯ ಬಾಣಲೆಗೆ ಹೋಗಿರಲಿಕ್ಕಿಲ್ಲ ಎಂದು ನನಗೆ ಗೊತ್ತು. ಬುಟ್ಟಿ ಹೊತ್ತು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ.

ಮನೆಯಲ್ಲಿ ಕೂತವಳಿಗೆ ನಳವೇ ಕೆಲಸ. ಎರಡೂ ಮನೆಯ ಕೊಡ ತುಂಬುವುದು, ಪಾತ್ರೆ ನೆನೆಹಾಕುವುದು ಎಲ್ಲ ನಾನೇ. ದಿನಕ್ಕೆ ನೂರು ಸಲ ಆ ಹಲಗೆ ಮೆಟ್ಟುತ್ತಿದ್ದೆ. ದಿನವೂ ಸಂಜೆ ಎರಡೂ ಕೈಯನ್ನು ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಡಾಕ್ಟರು ಕೈ ಕಾಲು ಎಂದಿದ್ದರು. ಕಾಲು ನನ್ನದೇ ಎಂದುಕೊಂಡಿದ್ದೆ.

ಚೌತಿ ಕಳೆದ ಮೇಲಿನ ಒಂದು ಬೆಳಗ್ಗೆ. ನಾನು ಮೆಟ್ಟಿ ನಿಂತು ಕೊಡ ತುಂಬುತ್ತಿದ್ದೆ. ಶೇವಂತಿ ಮಗುವಿನ ಬಟ್ಟೆಗಳ ಬಾಲ್ದಿ ಹಿಡಿದು ಬಂದಳು. ಕಲ್ಲಿನಿಂದ ತೆಂಗಿನ ಬುಡಕ್ಕೆ ಹೋಗುವ ಕಾಲುವೆ ನೋಡಿ ನಿಂತಳು.

“ಅಕ್ಕಾ, ಇವತ್ತು ಸೋಮಾರ ಅಲಾ.”

“ಹೌದು. ಎಂತಕೆ?”

“ಮೀನು ಯಾರು ಮಾಡಿದ್ರು?”

ನಮ್ಮ ಅಂಗಳದಲ್ಲಿ ಸೋಮವಾರ ಮೀನು ಇಲ್ಲ. ಅತ್ತೆಯ ಕಾಲದಿಂದಲೂ ಇಲ್ಲ. ಕಾಲುವೆಯ ನೀರು ತೆಳುವಾಗಿ ಕೆಂಪಗಿತ್ತು. ಉಳಿದ ಆರು ದಿನ ಆ ಕಾಲುವೆ ಕೆಂಪಗೇ ಇರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಎಷ್ಟು ದಿನದಿಂದ ಹರಿಯುತ್ತಿತ್ತೋ. ಇಬ್ಬರೂ ದಿನವೂ ನೋಡಿದ್ದೆವು, ಮೀನಿನದ್ದು ಎಂದುಕೊಂಡಿದ್ದೆವು.

“ಕಾಲು ಎತ್ತು,” ಎಂದಳು ಶೇವಂತಿ.

ಎತ್ತಿದೆ. ಸೀಸ ಇಳಿಯಿತು, ನೀರು ನಿಂತಿತು. ಹಲಗೆಯ ತಗ್ಗಿನಲ್ಲಿ ರಕ್ತ ಕೂತಿತ್ತು. ಮಳೆಗೂ ನೀರಿಗೂ ಮರ ಸವೆದು, ಕತ್ತಿಯ ಬುಡ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು.

ಕೈ ಹೋದಾಗ ನನಗೆ ತಿಳಿದಿರಲಿಲ್ಲ, ಆಮೇಲೆ ಯಾರೋ ಹೇಳಿದರು. ಕಾಲು ಹೋದದ್ದನ್ನು ನಿಂತಲ್ಲೇ ಕಣ್ಣಾರೆ ಕಂಡೆ.

ಶೇವಂತಿ ಬಾಲ್ದಿ ಇಟ್ಟಳು. ನನ್ನ ರಟ್ಟೆ ಹಿಡಿದು ಕಲ್ಲಿನ ಮೇಲೆ ಕೂರಿಸಿದಳು. ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ತೆಗೆದುಕೊಂಡು ಮೇಲೆತ್ತಿದಳು.

“ಮುಟ್ಬೇಡ್ವೇ,” ಎಂದೆ.

“ಸುಮ್ನೆ ಕೂತ್ಕ.”

ಹಲಗೆಯನ್ನು ತನ್ನ ಕಾಲಿನಿಂದ ಒದ್ದಳು. ವಾಯರ್ ಕಿತ್ತು ಹಲಗೆ ಮಗುಚಿತು. ಈಗ ನೀರು ಬೇಕು, ಮೆಟ್ಟಲು ಏನೂ ಇಲ್ಲ. ಒಂದು ಕೈಯಲ್ಲಿ ನನ್ನ ಕಾಲು ಹಿಡಿದೇ ಇನ್ನೊಂದು ಕೈ ಚಾಚಿ ಆ ಹಿಡಿಕೆಯನ್ನು ಹಿಡಿದು ಕೆಳಗೆಳೆದಳು. ಬರಿಗೈಯಲ್ಲಿ. ನೀರು ಬಂತು. ಸೀಸದ ಗುಂಡುಗಳು ಹಿಡಿಕೆಯನ್ನು ಮೇಲಕ್ಕೆ ಎಳೆಯುತ್ತಿದ್ದವು, ಅವಳು ಬಿಡಲಿಲ್ಲ.

ತೊಳೆದ ಮೇಲೆ ಕಂಡಿತು. ಅಂಗಾಲಿನ ಮುಂಭಾಗದಲ್ಲಿ ಹುಣಸೆ ಬೀಜದಷ್ಟು ದೊಡ್ಡ ತೂತು, ಸುತ್ತ ಬಿಳಿಚಿದ ಗಟ್ಟಿ ಚರ್ಮ. ಇವತ್ತಿನದಲ್ಲ, ನಿನ್ನೆಯದಲ್ಲ. ಅವಳು ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು.

“ನೋಯೂದಿಲ್ವನೇ?”

“ಇಲ್ಲ.”

“ಇಷ್ಟಾದ್ರೂ?”

“ಇಲ್ಲ ಶೇವಂತಿ.”

ಅವಳು ತಲೆ ತಗ್ಗಿಸಿ ಅತ್ತಳು. ನಾನು ಅಳಲಿಲ್ಲ. ತನ್ನ ಸೆರಗಿನ ಒಣ ತುದಿಯಿಂದ ಕಾಲು ಒರೆಸಿ, ಮಗುವಿನ ತೊಳೆದ ಬಟ್ಟೆಯೊಂದನ್ನು ಹರಿದು ಕಟ್ಟಿದಳು. ಆಮೇಲೆ ನಳದ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಮೊಣಕೈವರೆಗೆ, ಮೂರು ಸಲ. ಬೆರಳು ಮೂಸಿ ನೋಡಿ ಇನ್ನೊಮ್ಮೆ ತೊಳೆದಳು. ನಾನು ನೋಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಮರೆಮಾಡಲಿಲ್ಲ. ಒಳಗೆ ಮಗುವಿತ್ತು, ತಪ್ಪೆನ್ನಲಾರೆ. ಆದರೂ ಕಟ್ಟಿದ್ದ ಕಾಲಿಗೆ ಆಗದ ನೋವು ಎದೆಗೆ ಆಯಿತು.

ಕಾರವಾರದ ಡಾಕ್ಟರು ಈ ಸಲ ಗದರಲಿಲ್ಲ, ಅದೇ ಹೆದರಿಸಿತು. ಗಾಯ ಮೂಳೆ ಮುಟ್ಟಿಲ್ಲ, ನಿಮ್ಮ ಅದೃಷ್ಟ ಎಂದರು. ತಿಂಗಳುಗಟ್ಟಲೆ ಕಾಲು ಊರುವ ಹಾಗಿರಲಿಲ್ಲ. ಈಗಲೂ ಮೆತ್ತಗಿನ ಅಟ್ಟೆಯ ಚಪ್ಪಲಿ ಇಲ್ಲದೆ ಅಂಗಳಕ್ಕೆ ಇಳಿಯುವಂತಿಲ್ಲ. ಪೇಟೆಯಲ್ಲಿ ಬುಟ್ಟಿಯ ಮುಂದೆ ಕೂತು ಏಳುವ ದಿನ ಮುಗಿಯಿತು. ಕಡಲಿನಿಂದ ಬಂದ ನನ್ನವರು ಮಗುಚಿದ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕತ್ತಿಯ ಬುಡವನ್ನು ಸವರಿ ಸವರಿ ನೋಡಿದರು. “ಸಮಾ ತಿಕ್ಕಿದ್ದೆ ನಾ,” ಎಂದಷ್ಟೇ ಹೇಳಿದರು. ಅದನ್ನು ಒಲೆಗೆ ಹಾಕಲು ಹೋದರು, ಬೇಡ ಎಂದೆ. ಹೊಸ ಹಲಗೆ ಹಾಕಿ ಮೇಲೆ ಟಯರಿನ ರಬ್ಬರು ಹೊಡೆದಿದ್ದಾರೆ. ಮೆಟ್ಟಲು ಅದೂ ಇದೆ, ಕೈಯಲ್ಲಿ ಎಳೆಯಲು ಹಿಡಿಕೆಯೂ ಇದೆ.

ಹನ್ನೆರಡನೆಯ ತಿಂಗಳ ಮಾತ್ರೆಯೂ ಮುಗಿಯಿತು. ಗುಣವಾಗಿದೆ ಎಂದು ಬರೆದುಕೊಟ್ಟರು. ರೋಗ ಹೋಯಿತು, ಅದು ಒಯ್ದದ್ದು ತಿರುಗಿ ಬರಲಿಲ್ಲ. ಎರಡು ಬೆರಳು ಬಾಗಿಯೇ ಇವೆ. ಕಿನ್ನರದ ಬಾಯಿಯನ್ನು ಬೆಂಚಿನ ಮೇಲೆ ಮತ್ತೆ ಹುಡುಕಿದೆ, ಸಿಗಲಿಲ್ಲ. ಅವಳು ನನಗೆ ಹೇಳಿದ ಹಾಗೆ ನಾನೂ ಯಾರಿಗಾದರೂ ಹೇಳಬೇಕೆಂದು ಈ ಬಾಗಿದ ಬೆರಳಲ್ಲೇ ಪೆನ್ನು ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ಬರ್ಫಕ್ಕೆ ಸತ್ತ ಕೈ ಒಲೆಯ ಮುಂದೆ ಜೀವ ಪಡೆಯಬೇಕು. ಪಡೆಯದಿದ್ದರೆ ಅದು ಬರ್ಫವಲ್ಲ, ಜಂಬಪಡಬೇಡಿ. ಮನೆಯವರಿಗೆ ಮೊದಲ ದಿನವೇ ಹೇಳಿ. ಮತ್ತೆ, ಅಂಗಾಲು ನೋಡಿಕೊಳ್ಳಿ.

ಅಂಗಾಲು ನೋಡಿಕೊಳ್ಳುವುದು ಸುಲಭವಲ್ಲ. ಕನ್ನಡಿ ಹಿಡಿದು ನೋಡಿ ಎಂದಿದ್ದರು, ಕನ್ನಡಿ ನನ್ನ ಕೈಯಲ್ಲಿ ನಿಲ್ಲುವುದಿಲ್ಲ. ಕಣ್ಣೂ ಮೊದಲಿನ ಹಾಗಿಲ್ಲ. ನನ್ನವರು ಹೆಚ್ಚಾಗಿ ಕಡಲ ಮೇಲೆ. ಹಾಗಾಗಿ ದಿನವೂ ದೀಪ ಹಚ್ಚುವ ಹೊತ್ತಿಗೆ ಶೇವಂತಿ ಬರುತ್ತಾಳೆ. ನಾನು ಜಗುಲಿಯ ಮೇಲೆ ಕಾಲು ಚಾಚುತ್ತೇನೆ. ಅವಳು ಎರಡೂ ಕಾಲನ್ನು ಒಂದೊಂದಾಗಿ ತೊಡೆಯ ಮೇಲೆ ಇಟ್ಟುಕೊಂಡು ಬೆಳಕಿಗೆ ತಿರುಗಿಸಿ, ಬೆರಳ ಸಂದಿಯನ್ನೂ ಬಿಡದೆ ನೋಡುತ್ತಾಳೆ. “ಎಂತಾ ಇಲ್ಲ,” ಎನ್ನುತ್ತಾಳೆ. ಆಮೇಲೆ ನಳದ ಹತ್ತಿರ ಹೋಗಿ ಕೈ ತೊಳೆಯುತ್ತಾಳೆ. ನಾನು ದಿನವೂ ಕಿವಿಯಿಟ್ಟು ಕೇಳುತ್ತೇನೆ. ಮೊದಲು ಮೂರು ಸಲ ನೀರು ಬೀಳುತ್ತಿತ್ತು. ಬರಬರುತ್ತ ಎರಡಾಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದಾಯಿತು, ಸೋಪಿಲ್ಲದೆ.

ನಯನಾಳ ಗಂಡ ಗೋವೆಯಲ್ಲಿ ಇನ್ನೂ ಮನೆ ಹಿಡಿದಿಲ್ಲ, ಅವಳೂ ಮಗುವೂ ಇಲ್ಲೇ ಇದ್ದಾರೆ. ಮೊನ್ನೆ ಸಂಜೆ ಶೇವಂತಿ ನನ್ನ ಬಲಗಾಲು ತೊಡೆಯ ಮೇಲೆ ಇಟ್ಟುಕೊಂಡು ಹಳೆಯ ಗಾಯದ ಕಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಒಳಗೆ ಮಗು ಎದ್ದು ಅತ್ತಿತು. ನಯನಾ ಬಚ್ಚಲಿನಲ್ಲಿದ್ದಳು. “ಎಂತಾ ಇಲ್ಲ,” ಎಂದು ನನ್ನ ಕಾಲು ಕೆಳಗಿಟ್ಟು, ಎದ್ದು, ನಳದ ಮುಂದಿನಿಂದಲೇ ಒಳಗೆ ಹೋದಳು ಶೇವಂತಿ. ಅಳು ನಿಂತಿತು. ಮಗುವನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತ ಬಾಗಿಲಿಗೆ ಬಂದು ನಿಂತಳು.

ಕೈ ತೊಳೆದಿರಲಿಲ್ಲ. ಮರೆತಿರಬೇಕು. ನಾನು ನೆನಪು ಮಾಡಲಿಲ್ಲ.